ಅಧ್ಯಕ್ಷೆಯ ಗಂಡ

"ಅಧ್ಯಕ್ಷರೇ, ಆ ಮಳೆ ಬಂದ ಭಾನುವಾರ ನಿಮಗೆ ಫೋನ್ ಮಾಡಿದ್ನಲ್ಲ!"

ತುಂಬಿದ ಸಭೆಯಲ್ಲಿ ಮರಿಯಮ್ಮ ಎದ್ದು ನಿಂತಳು. ವೇದಿಕೆಯ ಮೇಲೆ ಹೆಂಡತಿಯ ಪಕ್ಕದ ಕುರ್ಚಿಯಲ್ಲಿದ್ದ ಮಾಧವನ ಕೈ ಜೇಬಿನ ಫೋನಿಗೆ ಹೋಯಿತು.

"ಮನೆಯೊಳಗೆ ಮಂಡಿಯುದ್ದ ಮೋರಿ ನೀರು. ನಮ್ಮತ್ತೇನ ಮಂಚದ ಮೇಲೆ ಕೂರ್ಸಿ ಮೂರು ಸಲ ಫೋನ್ ಮಾಡ್ದೆ. ಅಧ್ಯಕ್ಷರು ಊಟಕ್ಕೆ ಕೂತವ್ರೆ ಅಂದ್ರು."

ಮೈತ್ರೇಯಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. "ನನಗೆ ಆ ಫೋನ್ ಬಂದೇ ಇಲ್ಲ ಮರಿಯಮ್ಮ."

"ಹಂಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

ಸುಳ್ಳಲ್ಲವೆಂದು ಮಾಧವನಿಗೆ ಗೊತ್ತಿತ್ತು. ಹೊಸಕೆರೆಹಳ್ಳಿ ಕೆರೆಯ ಪಕ್ಕದ ಈ ಬಡಾವಣೆಯ ಸಂಘಕ್ಕೆ ಮೈತ್ರೇಯಿ ಅಧ್ಯಕ್ಷೆಯಾಗಿ ವರ್ಷವಾಗಿತ್ತು. ಹಿಂದಿನ ಅಧ್ಯಕ್ಷ ಚಕ್ರಪಾಣಿಯವರ ಹೆಂಡತಿ ಹನ್ನೊಂದು ವರ್ಷ ಅತಿಥಿಗಳಿಗೆ ಆರತಿ ಎತ್ತಿ, ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಅವರಿಗೊಂದು ಕುರ್ಚಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಾಧವನಿಗೆ ಮೊದಲ ದಿನವೇ ಹಾಕಿದರು. ಸಂಘದ ಫೋನ್ ತಾನಾಗಿ ಅವನ ಜೇಬು ಸೇರಿತು. "ನಿಂಗೆ ಕಾಲೇಜಿನ ಕೆಲ್ಸಾನೇ ಸಾಕಷ್ಟಿದೆ, ಇದನ್ನ ನಾನು ನೋಡ್ಕೋತೀನಿ" ಎಂದಿದ್ದ. ಅವಳೂ ನಂಬಿದ್ದಳು.

"ರೀ, ಫೋನ್ ತೆಗೆದಿದ್ದು ನೀವಾ?" ಮೈಕಿನಲ್ಲಿ ಅವಳ ದನಿ ಇಡೀ ಸಭೆಗೆ ಕೇಳಿಸಿತು.

ಇಲ್ಲ ಎಂದರೆ ಮುಗಿಯುತ್ತಿತ್ತು. ಮರಿಯಮ್ಮನ ಮಾತಿಗೆ ಸಾಕ್ಷಿ ಇರಲಿಲ್ಲ. ಆದರೆ ಮೈತ್ರೇಯಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ನಾನೇ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡ್ತಿದ್ದೆ. ನೀರು ಎಲ್ಲಿ ಕಟ್ಕೊಂಡಿದೆ ಅಂತ ಹುಡುಕ್ತಿದ್ದೆ." ಮಾಧವ ಜೇಬಿನಿಂದ ಸಂಘದ ಫೋನ್ ತೆಗೆದು ಅವಳ ಮುಂದಿಟ್ಟ. "ಅದು ಕಟ್ಕೊಂಡಿದ್ದು ನಮ್ಮ ಕಾರ್ ಶೆಡ್ ಗೋಡೆ ಹತ್ರ."

ಯಾರೋ ಹಿಂದಿನಿಂದ ಬೈದರು. ಮೈತ್ರೇಯಿ ದನಿ ಏರಿಸಲಿಲ್ಲ. "ಕೆಳಗೆ ಹೋಗಿ ಕೂತ್ಕೊಳ್ಳಿ."

ಅವನು ಮೂರು ಮೆಟ್ಟಿಲು ಇಳಿದ. ಅಲ್ಲಿಯವರೆಗೆ "ಬನ್ನಿ ಸಾರ್" ಎನ್ನುತ್ತಿದ್ದವರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಕೊನೆಯ ಸಾಲಿನಲ್ಲಿ ಕೂತ.

ಮೈತ್ರೇಯಿ ಕಾಗದ ಎತ್ತಿಕೊಂಡು, ಕಳೆದ ವಾರದ ಸರ್ವೆಯಲ್ಲಿ ಸಿಕ್ಕ, ರಾಜಕಾಲುವೆಯನ್ನು ಒತ್ತುವರಿ ಮಾಡಿ ಗೋಡೆ ಕಟ್ಟಿದ ಆರು ಮನೆಗಳ ಪಟ್ಟಿ ಓದಿದಳು. ಮೊದಲನೆಯದು ಅವರದೇ ಮನೆಯ ನಂಬರು. ಅಲ್ಲಿ ಅವಳ ದನಿ ಒಂದು ಸಲ ತಡವರಿಸಿತು, ಮುಂದುವರಿಯಿತು. "ಈ ಗೋಡೆಗಳನ್ನ ತೆಗೆಸ್ಬೇಕು ಅನ್ನೋರು ಕೈ ಎತ್ತಿ."

ಸಭೆಯ ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ಪಟ್ಟಿಯಲ್ಲಿದ್ದ ಉಳಿದ ಐದು ಮನೆಯವರು ತಿರುಗಿ ಮಾಧವನನ್ನು ನೋಡಿದರು. ಪಟ್ಟಿಯನ್ನು ಸಭೆಗೆ ಬರಗೊಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟವನು ಅವನೇ. ಮಾಧವ ಕೈ ಎತ್ತಿದ.

ಕಾರ್ಯದರ್ಶಿ ಲತಾಮಣಿ ಹತ್ತಿರ ಬಂದು ಬಗ್ಗಿ ಹೇಳಿದರು: "ಸಾರ್, ಮನೆಗೊಂದೇ ಓಟು. ನಿಮ್ಮನೇದು ಮೇಡಂದು. ನಿಮ್ಮದು ಲೆಕ್ಕಕ್ಕೆ ಬರಲ್ಲ."

"ಗೊತ್ತು ಮೇಡಂ."

ಅವನು ಕೈ ಇಳಿಸಲಿಲ್ಲ. ಮೈತ್ರೇಯಿ ಆ ಒಂದು ಕೈ ಬಿಟ್ಟು, ಉಳಿದವನ್ನು ಎಣಿಸತೊಡಗಿದಳು.