ಕಹಿ ಬಂದ ದಾರಿ

ಸಮನ್ವಿತಾ ಮತ್ತೆ ಗುಂಡಿ ಒತ್ತಿದರೂ ಕಂಪ್ಯೂಟರ್ ಅದನ್ನೇ ಹೇಳಿತು. ಪರದೆಯ ಮೇಲೆ ಶಿವಾನಿಯ ಹೆಸರಿದ್ದ ಚೌಕ ಕೆಂಪಾಯಿತು. ಕೆಳಗೆ ಒಂದು ಸಾಲು: ‘ಈ ತಂದೆತಾಯಿಗೆ ಈ ಮಗು ಸಾಧ್ಯವಿಲ್ಲ.’

“ಎಲ್ಲೋ ತಪ್ಪು ಟೈಪ್ ಮಾಡಿದೀಯ,” ಎಂದಳು ಶಿವಾನಿ.

“ಪ್ರೋಗ್ರಾಮ್ ಸರಿಯಾಗೇ ಇದೆ ಕಣೇ. ನಮ್ಮ ಮನೆಯವರದ್ದೆಲ್ಲ ಹಸಿರು ಬಂತಲ್ಲ!” ಎಂದಳು ಗೆಳತಿ ಸಮನ್ವಿತಾ.

ಇಬ್ಬರೂ ಸರಸ್ವತಿಪುರದ ಒಂದೇ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದರು. ಹಿರಿಯರಿಂದ ನಮಗೆ ಯಾವ ಗುಣ ಯಾವ ದಾರಿಯಲ್ಲಿ ಬಂತೆಂದು ಕಂಪ್ಯೂಟರಿನಿಂದ ಪತ್ತೆ ಹಚ್ಚುವುದು, ವಿಜ್ಞಾನ ಮೇಳಕ್ಕೆ ಅವರು ಆರಿಸಿಕೊಂಡ ವಿಷಯ. ಅದಕ್ಕಾಗಿ ಲ್ಯಾಬಿನಿಂದ ಔಷಧಿ ಸವರಿದ ಕಾಗದದ ಚೂರುಗಳನ್ನು ತಂದಿದ್ದರು. ನಾಲಿಗೆಯ ಮೇಲಿಟ್ಟರೆ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. ಅಪ್ಪ ಅಮ್ಮ ಇಬ್ಬರಿಗೂ ಆ ಕಹಿ ಹುಟ್ಟಿನಿಂದಲೇ ತಿಳಿಯದಿದ್ದರೆ ಮಕ್ಕಳಿಗೂ ತಿಳಿಯದು ಎನ್ನುತ್ತಿತ್ತು ಪುಸ್ತಕ.

ಶಿವಾನಿ ಬಾಯಿಗಿಟ್ಟ ಕೂಡಲೇ ಉಗುಳಿದ್ದಳು. ಕುಂಬಾರಕೊಪ್ಪಲಿನಲ್ಲಿದ್ದ ಅಪ್ಪನ ತಾಯಿ ಸೋಮಮ್ಮ, “ಥೂ, ಇಸ ತಿನ್ನಿಸ್ತೀಯೇನೇ?” ಎಂದು ಬೈದಿದ್ದರು. ಅಮ್ಮ ದಾಕ್ಷಾಯಣಮ್ಮನಿಗೆ ಏನೂ ಅನ್ನಿಸಲಿಲ್ಲ. ಅಪ್ಪ ರುದ್ರಸ್ವಾಮಿ ಮಾತ್ರ ಚೂರನ್ನು ನಿಧಾನವಾಗಿ ಅಗಿದು, ಅಮ್ಮನ ಕಡೆ ಒಮ್ಮೆ ನೋಡಿ, “ಏನಿಲ್ಲ ಕಣಮ್ಮ, ಬರೀ ಕಾಗ್ದ,” ಎಂದಿದ್ದರು.

“ಅಜ್ಜಿಯಿಂದ ನನಗೆ ಬಂದಿರಬಹುದಲ್ಲ?” ಶಿವಾನಿಯ ದನಿ ಸಣ್ಣದಾಗಿತ್ತು.

“ನಿಮ್ಮಪ್ಪನ್ನ ದಾಟಿ ಹಾರಿ ಬರೋಕಾಗಲ್ಲ ಕಣೇ,” ಎಂದಳು ಸಮನ್ವಿತಾ.

ಅಲ್ಲಿಂದ ಶುರುವಾಯಿತು ಶಿವಾನಿಯ ಫಜೀತಿ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕನ್ನಡಿಯಲ್ಲಿ ತನ್ನ ಮೂಗು ಯಾರದೋ ಅನ್ನಿಸಿತು. ‘ಇವಳು ಯಾರನ್ನ ಹೋಲ್ತಾಳೆ?’ ಎಂದು ಮದುವೆಮನೆಗಳಲ್ಲಿ ನೆಂಟರು ಕೇಳುತ್ತಿದ್ದದ್ದು ಈಗ ಚುಚ್ಚಿತು. ಆಲ್ಬಮ್ ಜಾಲಾಡಿದಳು. ಅಮ್ಮ ಬಸುರಿಯಾಗಿದ್ದಾಗಿನ ಒಂದು ಫೋಟೊ ಕೂಡ ಇರಲಿಲ್ಲ.

ಕೇಳೋಣವೆಂದು ಅಪ್ಪನ ಮೆಸ್ಸಿಗೇ ಹೋದಳು. ರುದ್ರಸ್ವಾಮಿಯ ಸಾರಿನ ರುಚಿಗಾಗಿಯೇ ಆ ಬೀದಿಯ ರೂಮುಗಳಲ್ಲಿ ಹುಡುಗರು ಬಾಡಿಗೆಗಿರುತ್ತಿದ್ದರು. ಹೋದ ವರ್ಷ ಅವರು ಜ್ವರದಿಂದ ಮಲಗಿ ಎದ್ದ ಮೇಲೆ ಅಮ್ಮನೂ ಬೆಳಗಾಗುತ್ತಲೇ ಅವರ ಜೊತೆ ಹೊರಡುತ್ತಿದ್ದಳು. ಶಿವಾನಿ ಒಳಗೆ ಬಂದಾಗ ಅಪ್ಪ ಸೌಟಿನಿಂದ ಒಂದು ಹನಿ ಸಾರನ್ನು ಅಮ್ಮನ ಅಂಗೈಗೆ ಬಿಟ್ಟರು. ಅಮ್ಮ ನೆಕ್ಕಿ ತಲೆಯಾಡಿಸಿದಳು. ಎಷ್ಟು ಅನ್ಯೋನ್ಯವಾಗಿದ್ದಾರೆ! ಇಂಥವರ ಮಧ್ಯೆ ನಿಂತು ನಾನು ಯಾರ ಮಗಳೆಂದು ಹೇಗೆ ಕೇಳುವುದು? ಬಂದ ದಾರಿಯಲ್ಲೇ ವಾಪಸಾದಳು.

ಮೇಳದ ದಿನ ಕೆಂಪು ಹಸಿರು ಚೌಕಗಳ ಆ ಚಾರ್ಟನ್ನು ಕಾಲೇಜಿನ ಹಾಲಿನಲ್ಲಿ ಎಲ್ಲರೆದುರು ತೂಗುಹಾಕಬೇಕಿತ್ತು. ಅಂದು ಬೆಳಿಗ್ಗೆ ಉಪ್ಪಿಟ್ಟನ್ನು ಬಾಯಿಗಿಡಲಾಗಲಿಲ್ಲ. ಅಮ್ಮ ಉಪ್ಪನ್ನೇ ಮರೆತಿದ್ದಳು. ಅಪ್ಪ ತುಟಿಪಿಟಕ್ಕೆನ್ನದೆ ತಟ್ಟೆ ಖಾಲಿ ಮಾಡಿ ಎದ್ದರು. ಇಬ್ಬರ ಮನಸ್ಸೂ ಎಲ್ಲೋ ಇದೆ ಎಂದು ಶಿವಾನಿಗೆ ಖಾತ್ರಿಯಾಯಿತು.

ಕೈ ತೊಳೆದು ಬರುವಾಗ ಅಡುಗೆಮನೆಯಿಂದ ಪಿಸುಮಾತು ಕೇಳಿಸಿತು.

“ಮಗಳಿಗಾದ್ರೂ ಹೇಳ್ಬುಡಿ ಅಂದ್ರೆ. ಎಷ್ಟು ದಿನ ಮುಚ್ಚಿಡೋದು?” ಅಮ್ಮನ ದನಿ.

“ಬ್ಯಾಡ ಕಣೆ. ಆಚೆ ಗೊತ್ತಾದ್ರೆ ನಾನೆಂಗೆ ತಲೆ ಎತ್ಕೊಂಡು ತಿರುಗ್ಲಿ?” ಅಪ್ಪನದು.

ಶಿವಾನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳನುಗ್ಗಿದಳು. “ನನ್ನ ಎಲ್ಲಿಂದ ತಂದ್ರಿ? ನಿಜ ಹೇಳಿ!”

ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಅಪ್ಪ ಕಣ್ಣು ಪಿಳಿಪಿಳಿ ಬಿಟ್ಟರು.

“ನಿಮಗಿಬ್ಬರಿಗೂ ಆ ಕಾಗದ ಕಹಿ ಆಗಲಿಲ್ಲ. ನನಗೆ ಆಯ್ತು. ನಾನು ನಿಮ್ಮ ಮಗಳಾಗೋಕೆ ಸಾಧ್ಯವೇ ಇಲ್ವಂತೆ,” ಎನ್ನುತ್ತ ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ದಿನದ ಸಂಕಟವೋ, ಒಮ್ಮೆಲೇ ಹೊರಬಂತು.

ರುದ್ರಸ್ವಾಮಿ ಗೋಡೆಗೆ ಒರಗಿ ಕೂತರು. ಮಗಳನ್ನು ಹತ್ತಿರ ಎಳೆದುಕೊಂಡು, ಕಿಟಕಿಯಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

“ನೀನು ನನ್ನ ಮಗಳೇ ಕಣಮ್ಮ. ಆ ಜ್ವರ ಬಂದು ಹೋದಾಗ್ನಿಂದ ನನ್ನ ನಾಲಿಗೆಗೇ ಯಾವ ರುಚೀನೂ ತಿಳೀತಿಲ್ಲ, ಮೆಸ್ಸಿನ ಹುಡುಗರಿಗೆ ಮಾತ್ರ ಹೇಳ್ಬ್ಯಾಡ.”