ಚುಕ್ಕೆಯಿಲ್ಲದ ಚಿಗುರು

ರಂಜನ್ ಟೊಮೆಟೊ ಕುಂಡವನ್ನು ಎತ್ತಿಯೇಬಿಟ್ಟ. "ಎಲೆಯಿಡೀ ಕಪ್ಪು ಚುಕ್ಕೆ. ಮೆಣಸಿನ ಗಿಡಕ್ಕೂ ಹರಡ್ತದೆ, ಬಿಸಾಡ್ತೇನೆ," ಎಂದ. ರೋಗದ ಎಲೆಗಳನ್ನು ಚಿವುಟಿ, ವಾರಗಟ್ಟಲೆ ಹುಳಿಮಜ್ಜಿಗೆ ನೀರು ಸಿಂಪಡಿಸಿದ್ದ ಹೆಂಡತಿ ಅಶ್ವಿತಾ ಕುಂಡದ ಅಂಚು ಹಿಡಿದುಕೊಂಡಳು.

ಅಷ್ಟರಲ್ಲಿ ಮಗಳು ಶ್ರಾವ್ಯ ಬಾಲ್ಕನಿಗೆ ಓಡಿ ಬಂದು ಕುಂಡವನ್ನು ತಬ್ಬಿಕೊಂಡಳು. "ಬಿಸಾಡ್ಬೇಡಿ ಅಪ್ಪಾ! ತುದಿ ನೋಡಿ, ಹೊಸ ಎಲೆ! ಒಂದೂ ಚುಕ್ಕೆ ಇಲ್ಲ!"

ಚಿಗುರು ನಿಜಕ್ಕೂ ಹಸಿರಾಗಿ ಹೊಳೆಯುತ್ತಿತ್ತು. ರಂಜನ್ ನಗುತ್ತಾ ಕುಂಡ ಇಳಿಸಿದ. ಅಶ್ವಿತಾ ಮಾತ್ರ ಮಗಳನ್ನೇ ನೋಡುತ್ತಿದ್ದಳು. ಕೇರಳದ ಕಾಕ್ಕನಾಡಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಏನು ಕೇಳಿದರೂ ಮಲಯಾಳದಲ್ಲೇ ಉತ್ತರಿಸುವವಳು, ಈಗ ಕನ್ನಡದಲ್ಲಿ ಕೂಗಿದ್ದಳು!

"ಇನ್ನೊಮ್ಮೆ ಹೇಳು ಮಗಾ," ಎಂದಳು ಅಶ್ವಿತಾ.

"ಹೊಸ ಎಲೆ ಅಮ್ಮಾ, ಹೊಸ ಎಲೆ!" ಎಂದು ಶ್ರಾವ್ಯ ಕುಣಿದಳು.