ಗೇಟು ದಾಟುವವರೆಗೆ ನಾಲ್ಕು

ಪಾರ್ಕಿನ ಟಿಕೆಟ್ ಕಿಟಕಿಯೊಳಗಿನ ಹೆಂಗಸು ಪಾಪುಗೆ ಎಷ್ಟು ವರ್ಷ ಎಂದು ಕೇಳಿ ಮುಗಿಸುವ ಮೊದಲೇ ಸೆಜಿಮ್ ನಾಲ್ಕು ಬೆರಳು ಎತ್ತಿ ಹಿಡಿದಳು. ಹೆಬ್ಬೆರಳು ಮಾತು ಕೇಳದೆ ಮೇಲೇಳುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಅದುಮಿಟ್ಟುಕೊಂಡಿದ್ದಳು. ಮಕ್ಪಾಲ್‌ಗೆ ಒಳಗೊಳಗೇ ಹೆಮ್ಮೆಯಾಯಿತು. ತನ್ನ ಮಗಳಲ್ಲವೇ, ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸಿದ್ದಳು.

ಕಿಟಕಿಯ ಮೇಲಿನ ಫಲಕದಲ್ಲಿ ಐದು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ತುಂಬಿದವರಿಗೆ ಅರ್ಧ ಟಿಕೆಟ್ ಎಂದು ಬರೆದಿತ್ತು. ಸೆಜಿಮ್‌ಗೆ ಐದು ತುಂಬಿ ಮೂರು ತಿಂಗಳಾಗಿತ್ತು. ಆ ಅರ್ಧ ಟಿಕೆಟ್ ಉಳಿದರೆ ಅವಳನ್ನು ಜಯಂಟ್ ವೀಲ್ ಹತ್ತಿಸಬಹುದು, ಉಳಿಯದಿದ್ದರೆ ಇಲ್ಲ. ಅದಕ್ಕೆ ಬೇರೆಯೇ ಟಿಕೆಟ್. ಅದರ ತುದಿಗೆ ಹೋದರೆ ಹಿಮದ ಬೆಟ್ಟಗಳ ಆಚೆ ಬದಿಯೂ ಕಾಣುತ್ತದೆಂದು ಯಾರೋ ತಲೆಗೆ ತುಂಬಿದ್ದರು. ಅಂದಿನಿಂದ ಹುಡುಗಿಗೆ ಅದೇ ಜಪ.

ಮಕ್ಪಾಲ್ ಅರೆಬರೆ ಕೆಲಸ ಮಾಡುವವಳಲ್ಲ. ಜನನ ಪತ್ರವನ್ನು ನೆನಪಿಟ್ಟುಕೊಂಡು ಮನೆಯಲ್ಲೇ ಬಿಟ್ಟು ಬಂದಿದ್ದಳು. ಹೋದ ವರ್ಷದ ಗಿಡ್ಡ ಫ್ರಾಕು ತೊಡಿಸಿ, ಹಸುಗೂಸುಗಳಿಗೆ ಕಟ್ಟುವ ಬಿಳಿ ರಿಬ್ಬನ್ ಕಟ್ಟಿದ್ದಳು. ಹಳ್ಳಿಯಿಂದ ಅಲ್ಮಾಟಿ ನಗರಕ್ಕೆ ನಾಲ್ಕು ಗಂಟೆಯ ಬಸ್ಸಿನಲ್ಲಿ ಪಾಠವೂ ಮುಗಿದಿತ್ತು. ಗೇಟು ದಾಟುವವರೆಗೆ ನಿನಗೆ ನಾಲ್ಕು, ದಾಟಿದ ಮೇಲೆ ಐದು ಎಂದರೆ, ಅಲ್ಲಿವರೆಗೆ ಆ ಒಂದು ವರ್ಷವನ್ನು ಎಲ್ಲಿ ಇಟ್ಟುಕೊಂಡಿರಲಿ ಎಂದು ಮಗಳು ಕೇಳಿದ್ದಳು. ಹಿಂದಿನ ಸೀಟಿನಲ್ಲಿ ಮಾವ ಕಾಲಿಬೇಕ್ ಉಣ್ಣೆ ಟೋಪಿಯನ್ನು ಮುಖಕ್ಕೆಳೆದುಕೊಂಡು ನಿದ್ದೆ ಹೋಗಿದ್ದರು. ನಿದ್ದೆಯೆಂದೇ ಮಕ್ಪಾಲ್ ನಂಬಿದ್ದಳು.

ಕಿಟಕಿಯ ಹೆಂಗಸು ಬಗ್ಗಿ ನೋಡಿದಳು. ಸೆಜಿಮ್ ನಕ್ಕಳು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

"ನಾಲ್ಕಕ್ಕೇ ಹಲ್ಲು ಬಿತ್ತಾ?"

"ಓಡೋವಾಗ ಬಿದ್ದು ಮುರ್ಕೊಂಡ್ಲು," ಎಂದಳು ಮಕ್ಪಾಲ್, ಕಣ್ಣು ಮಿಟುಕಿಸದೆ.

"ಪಕ್ಕದ್ದೂ ಅಲ್ಲಾಡ್ತಿದೆ," ಎಂದು ಸೆಜಿಮ್ ನಾಲಿಗೆಯಿಂದ ದೂಡಿ ತೋರಿಸಿದಳು.

ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಮಕ್ಪಾಲ್‌ಳ ಹಿಂದೆ ನಿಂತಿದ್ದ ಮುದುಕರ ಕಡೆ ತಿರುಗಿ, "ತಾತ, ನೀವೇ ಹೇಳಿಬಿಡಿ. ಬಿಳಿಗಡ್ಡದವರು ಹೇಳಿದ್ಮೇಲೆ ನಾನು ಮಾತಾಡಲ್ಲ," ಎಂದಳು.

ಕೆಟ್ಟಿತು ಕೆಲಸ ಎಂದುಕೊಂಡಳು ಮಕ್ಪಾಲ್. ನಲವತ್ತು ವರ್ಷ ಕುರಿ ಕಾಯ್ದ ಜೀವ ಅದು. ಬಾಯಿ ಬಿಡಿಸಿ ಹಲ್ಲು ನೋಡಿ ಕುರಿಯ ವಯಸ್ಸು ಹೇಳಿದರೆ ಸಂತೆಯಲ್ಲಿ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ. ತಮ್ಮದೇ ಕುರಿಯನ್ನು ಮಾರುವಾಗಲೂ ಒಂದು ತಿಂಗಳು ಕಡಿಮೆ ಹೇಳಿದವರಲ್ಲ. ನಡುವೆ ಬಾಯಿ ಹಾಕೋಣವೆಂದರೆ, ಈ ಮನೆಗೆ ಸೊಸೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಅವಳು ಮಾವನ ಹೆಸರನ್ನೇ ಬಾಯಲ್ಲಿ ಆಡಿದವಳಲ್ಲ. ಜನರೆದುರು ಅವರ ಮಾತು ಕಡಿಯುವುದಂತೂ ಆಗದ ಕೆಲಸ. ಅವಳು ಚೀಲದೊಳಗಿನ ಬುತ್ತಿಯನ್ನು ಸುಮ್ಮನೆ ಸರಿಮಾಡುತ್ತ ನಿಂತಳು.

"ಆರು," ಎಂದರು ಕಾಲಿಬೇಕ್.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾಯಿ ನಾಲ್ಕು ಅಂತಾಳೆ, ತಾತ ಆರು ಅಂತಾರೆ, ಇದು ಎಲ್ಲಿಂದ ಎಣಿಸಿದ ಲೆಕ್ಕ ಎಂದು ಹೆಂಗಸು ಕೇಳಿದಳು.

"ಹೊಟ್ಟೆಯಿಂದ," ಎಂದರು ಮುದುಕರು. "ನಿನ್ನಜ್ಜಿ ಇದ್ರೆ ಕೇಳು, ಅವಳೂ ಹಾಗೇ ಎಣಿಸ್ತಾಳೆ. ಹೊರಗೆ ಐದು, ತಾಯಿ ಹೊಟ್ಟೇಲಿ ಒಂದು. ಆ ಒಂದು ವರ್ಷ ಈ ನನ್ನ ಸೊಸೆ ಏಳು ತಿಂಗಳು ಮಲಗಿದ ಕಡೆಯಿಂದ ಎದ್ದಿಲ್ಲ. ಎದ್ರೆ ಮಗು ನಿಲ್ಲಲ್ಲ ಅಂದಿದ್ರು ಡಾಕ್ಟ್ರು. ಈಗ ನಾಲ್ಕು ಅಂತಾಳೆ. ಮಗಳ ವರ್ಷ ಒಂದನ್ನ ಬಿಟ್ಟುಕೊಡ್ತಾಳಾ, ಕೊಡ್ಲಿ, ಅವಳ ಮಗಳು. ಆದ್ರೆ ಆ ಹೊಟ್ಟೆ ವರ್ಷ ಇದ್ಯಲ್ಲ, ಅದನ್ನ ಬಿಡೋಕೆ ನಂಗೆ ಮನಸ್ಸು ಬರಲ್ಲಮ್ಮ."

ಮಕ್ಪಾಲ್ ತಲೆ ಎತ್ತಲಿಲ್ಲ. ಅದಕ್ಕೂ ಮೊದಲು ಎರಡು ಬಸಿರು ನಿಂತಿರಲಿಲ್ಲ. ಅತ್ತೆಯಿಲ್ಲದ ಮನೆ, ಗಂಡ ಎಣ್ಣೆಬಾವಿಯ ಕೆಲಸದಲ್ಲಿ ದೂರ. ಆ ಚಳಿಗಾಲವಿಡೀ ಕುರಿಗಳನ್ನು ಪಕ್ಕದವರಿಗೊಪ್ಪಿಸಿ ಒಲೆ ಕಾದವರು ಈ ಮುದುಕರು. ಸೊಸೆಯತ್ತ ನೋಡದೆ, ಮುಖ ತಿರುಗಿಸಿಕೊಂಡೇ ಬಂದು, ಚಹಾ ಬಟ್ಟಲನ್ನು ಹಾಸಿಗೆಯ ಪಕ್ಕ ಇಟ್ಟು, ಒಮ್ಮೆ ಕೆಮ್ಮಿ ಹೊರಗೆ ಹೋಗುತ್ತಿದ್ದರು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ಅವರು ಎತ್ತಿರಲಿಲ್ಲ. ಮರೆತಿದ್ದಾರೆಂದುಕೊಂಡಿದ್ದಳು. ಎಣಿಸಿ ಇಟ್ಟುಕೊಂಡಿದ್ದರು.

"ಒಂದು ಅರ್ಧ ಟಿಕೆಟ್ಟೂ ಕೊಡಿ," ಎಂದಳು ಮಕ್ಪಾಲ್. ಅವಳ ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು.

ಮಗು ತಪ್ಪಿಸಿಕೊಂಡರೆ ಗುರುತಿಗೆಂದು ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟುತ್ತಿದ್ದರು. ಅದರ ಮೇಲೆ ಹೆಸರು, ವಯಸ್ಸು. ಹೆಂಗಸು ಪೆನ್ನು ಹಿಡಿದು ಎಷ್ಟೆಂದು ಬರೆಯಲಿ ಎಂದಳು. ಐದಾದರೂ ಆರಾದರೂ ಟಿಕೆಟ್ ಅಷ್ಟೇ.

"ಆರು," ಎಂದಳು ಮಕ್ಪಾಲ್.

ಗೇಟು ದಾಟಿದರು. ಜಯಂಟ್ ವೀಲ್ ತಲೆಯ ಮೇಲೆ ನಿಧಾನವಾಗಿ ತಿರುಗುತ್ತಿತ್ತು. ಸೆಜಿಮ್ ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. ಏಳಾದಾಗ ಹತ್ತೋಣ ಎಂದಳು ಮಕ್ಪಾಲ್. ಅವಳು ಹೇಳಿದ್ದು ಆಗಿಯೇ ಆಗುವ ಮಾತಿನಂತಿತ್ತು, ಹುಡುಗಿ ಹಟ ಮಾಡಲಿಲ್ಲ.

"ಅಮ್ಮಾ, ಗೇಟು ದಾಟಾಯ್ತಲ್ಲ. ಈಗ ನಂಗೆಷ್ಟು?"

"ಆರು. ಎಣಿಸು ನೋಡೋಣ."

ಸೆಜಿಮ್‌ಳ ಒಂದು ಕೈ ತಾತನ ಮುಷ್ಟಿಯೊಳಗಿತ್ತು. ಇನ್ನೊಂದು ಕೈಯ ಬೆರಳುಗಳನ್ನು ಹೆಬ್ಬೆರಳೂ ಸೇರಿ ಒಂದೊಂದಾಗಿ ಬಿಚ್ಚಿದಳು. ಐದಾಯಿತು. ಇನ್ನೊಂದು ಬೇಕಿತ್ತು. ಸ್ವಲ್ಪ ಯೋಚಿಸಿ, ತಾಯಿಯ ಕೈಯನ್ನು ಹತ್ತಿರಕ್ಕೆಳೆದು, ಅದರ ಒಂದು ಬೆರಳನ್ನು ತನ್ನ ಐದರ ಪಕ್ಕ ನಿಲ್ಲಿಸಿಕೊಂಡಳು.